ಬೇಹುಗಾರ, ಬಾತ್ಮೀದಾರ, ಗೂಢಚಾರಿ: ಯಾರಿಗೆ ಯಾವ ಪದ?

ಬಳಗದ ಎಲ್ಲರಿಗೂ ನಮಸ್ಕಾರ.

ಫ್ರಾನ್ಸಿನ ಗಡಿಕೋಟೆಗಳ ಗುಟ್ಟನ್ನು ಜರ್ಮನರು ಯುದ್ಧಕ್ಕೆ ಮುಂಚೆಯೇ ಹೇಗೆ ಕಲೆಹಾಕಿದರು ಅಂತ ಒಂದು ಲೇಖನ ಬರೆಯುತ್ತಿದ್ದೇನೆ. 1871ರಲ್ಲಿ ಜರ್ಮನರ ಎದುರು ಸೋತ ಮೇಲೆ ವೆರ್ಡನ್, ತೂಲ್, ಎಪಿನಾಲ್, ಬೆಲ್ಫೋರ್ ಊರುಗಳ ಸುತ್ತ ಎದ್ದ ಕೋಟೆಗಳಿಂದ ಹಿಡಿದು 1930ರ ದಶಕದಲ್ಲಿ ಫ್ರೆಂಚರು ಗಡಿಯುದ್ದಕ್ಕೂ ಕಟ್ಟಿದ ಮ್ಯಾಜಿನೋ ಕೋಟೆಸಾಲಿನವರೆಗಿನ ಕತೆ ಅದು. ವಿಷಯಕ್ಕೇನೂ ಬರವಿಲ್ಲ, ಪದಗಳದ್ದೇ ತೊಡಕು. ನಿಮ್ಮ ಸಹಾಯ ಬೇಕು.

ಮೊದಲನೆಯದು ಆಳುಗಳ ವಿಚಾರ. ನಮ್ಮ ಪತ್ರಿಕೆಗಳಲ್ಲಿ ಇಂಥ ಕೆಲಸ ಮಾಡಿದವರೆಲ್ಲ ‘ಗೂಢಚಾರಿ’ಗಳೇ. ಆದರೆ ಇಲ್ಲಿ ಒಬ್ಬೊಬ್ಬನ ಕೆಲಸವೂ ಬೇರೆ. 1894ರ ಪ್ಯಾರಿಸ್ ನೋಡಿ. ಜರ್ಮನ್ ರಾಯಭಾರ ಕಚೇರಿಯಲ್ಲಿ ಶ್ವಾರ್ಟ್ಸ್‌ಕೊಪೆನ್ ಅಂತ ಸೇನಾ ಪ್ರತಿನಿಧಿ ಇದ್ದ. ಅವನದು ವೇಷ ಮರೆಸಿದ ಬದುಕಲ್ಲ. ಅವನು ಯಾರು, ಎಲ್ಲಿ ಕೂರುತ್ತಾನೆ ಎಂಬುದು ಊರಿಗೆಲ್ಲ ಗೊತ್ತು. ಅವನಿಗೆ ಗುಟ್ಟು ಮಾರಲು ಬಂದವನು ಎಸ್ಟರ್‌ಹಾಜಿ, ಫ್ರೆಂಚ್ ಸೇನೆಯದೇ ಅಧಿಕಾರಿ. ತಾನು ಕೊಡುವ ಗುಟ್ಟುಗಳ ಬಗ್ಗೆ ಅವನು ಬರೆದ ಒಂದು ಪಟ್ಟಿ ಚೂರುಚೂರಾಗಿ ಫ್ರೆಂಚರ ಕೈಸೇರಿತು. ಆ ಕಚೇರಿಯಲ್ಲಿ ಕಸ ಗುಡಿಸುತ್ತಿದ್ದ ಹೆಂಗಸು ಬುಟ್ಟಿಯ ಕಾಗದಗಳನ್ನು ಫ್ರೆಂಚ್ ಸೇನೆಗೆ ತಲುಪಿಸುತ್ತಿದ್ದಳು. ಪಟ್ಟಿಯಲ್ಲಿ 120 ಮಿಲಿಮೀಟರ್ ತೋಪಿನ ಬ್ರೇಕಿನ ವಿವರವಿತ್ತು, ಗಡಿಯಲ್ಲಿ ನಿಲ್ಲುವ ಪಡೆಗಳ ಬಗ್ಗೆಯೂ ಒಂದು ಟಿಪ್ಪಣಿ ಇತ್ತು. ಪಟ್ಟಿ ಬರೆದವನು ಇವನೇ ಅಂತ, ಏನೂ ಮಾಡದ ಡ್ರೇಫಸ್ ಎಂಬ ಇನ್ನೊಬ್ಬ ಫ್ರೆಂಚ್ ಅಧಿಕಾರಿಗೆ ಶಿಕ್ಷೆಯಾಯಿತು. ಕಳಂಕ ತೊಳೆದದ್ದು 1906ರಲ್ಲಿ. ಹನ್ನೆರಡು ವರ್ಷ! ಈ ಅನ್ಯಾಯ ಓದುವಾಗ ಇವತ್ತಿಗೂ ಸಿಟ್ಟು ಬರುತ್ತದೆ.

ಶ್ವಾರ್ಟ್ಸ್‌ಕೊಪೆನ್ ತನ್ನ ಇಟಲಿಯ ಗೆಳೆಯನಿಗೆ ಬರೆದ ಇನ್ನೊಂದು ಚೀಟಿ ಕೂಡ ಸಿಕ್ಕಿತ್ತು. ನೀಸ್ ಕೋಟೆಯ 12 ನಕಾಶೆಗಳನ್ನು ‘ಡಿ’ ಎಂಬ ನೀಚ ನಿನಗಾಗಿ ಕೊಟ್ಟಿದ್ದಾನೆ ಅಂತ ಅದರ ಸಾರಾಂಶ. ಆ ‘ಡಿ’ ಡ್ರೇಫಸ್ ಅಲ್ಲ. ಆದರೂ ಆ ಚೀಟಿಯನ್ನು ಡ್ರೇಫಸ್ ವಿರುದ್ಧ ಗುಟ್ಟಾಗಿ ಬಳಸಿದರು.

ಈಗ ನನ್ನ ಪ್ರಶ್ನೆ. ಎಸ್ಟರ್‌ಹಾಜಿಯನ್ನು ಬೇಹುಗಾರ ಎನ್ನಬಹುದೇ? ನನ್ನ ಕಿವಿಗೆ ಒಗ್ಗುತ್ತಿಲ್ಲ. ಬೇಹು ಅಂದರೆ ಹೊರಗಿನಿಂದ ಬಂದು ನೋಡಿಕೊಂಡು ಹೋಗುವುದು. ಇವನು ಒಳಗಿದ್ದುಕೊಂಡೇ ಸುದ್ದಿ ದಾಟಿಸಿದವನು. ಪೊಲೀಸ್ ಸುದ್ದಿಗಳಲ್ಲಿ ಬರುವ ‘ಬಾತ್ಮೀದಾರ’ ಇವನಿಗೂ, ಕಸದ ಬುಟ್ಟಿಯ ಹೆಂಗಸಿಗೂ ಸರಿಹೋಗುತ್ತದೆ ಅನ್ನಿಸುತ್ತದೆ. ‘ದೇಶದ್ರೋಹಿ’ ಅಂದರೆ ತೀರ್ಪು ಕೊಟ್ಟ ಹಾಗಾಗುತ್ತದೆ, ಕೆಲಸ ಏನು ಅಂತ ತಿಳಿಯುವುದಿಲ್ಲ. ಶ್ವಾರ್ಟ್ಸ್‌ಕೊಪೆನ್‌ಗೆ ಹೆಸರಪದವೇ ಬೇಡ, ‘ಬೇಹು ನಡೆಸಿದ’ ಅಂದರೆ ಸಾಕು.

ಅಪ್ಪಟ ಬೇಹುಗಾರ ಅಂದರೆ ನನಗೆ ರೋವೆಲ್. ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ವಿಮಾನ ಹಾರಿಸಿದವನು. 1930ರ ದಶಕದಲ್ಲಿ ಅವನ ತಂಡ ನಾಗರಿಕ ವಿಮಾನದ ಗುರುತು ಬಳಿದುಕೊಂಡು ನೆರೆದೇಶಗಳ ಮೇಲೆ ಎತ್ತರದಲ್ಲಿ ಹಾರಿ ಫೋಟೋ ತೆಗೆಯುತ್ತಿತ್ತು. ವೇಷವೂ ಇದೆ, ಕಣ್ಣೂ ಇದೆ.

ಇನ್ನು ಕೆಲವು ಗುಟ್ಟುಗಳಿಗೆ ಬೇಹು ಎಂಬ ಮಾತೇ ಸಲ್ಲುವುದಿಲ್ಲ. ತಿಯೋನ್‌ವಿಲ್ ಹತ್ತಿರದ ಗೆಂತ್ರಾಂಜ್ ಕೋಟೆಯನ್ನು ಮ್ಯಾಜಿನೋ ಸಾಲಿಗೆ ಸೇರಿಸಿಕೊಂಡಿದ್ದರು. ಅದನ್ನು ಕಟ್ಟಿದ್ದು ಯಾರು? 1918ಕ್ಕೆ ಮುಂಚೆ ಆ ಸೀಮೆ ಆಳುತ್ತಿದ್ದ ಜರ್ಮನರೇ! 1938ರಲ್ಲಿ ಮ್ಯೂನಿಕ್ ಒಪ್ಪಂದವಾದ ಮೇಲೆ ಚೆಕ್ ಗಡಿಯ ಕೋಟೆಗಳೂ ಜರ್ಮನರ ಕೈಗೆ ಬಂದವು. ಅವು ಫ್ರೆಂಚರ ಸಲಹೆಯಿಂದ ಎದ್ದಂಥವು. ಜರ್ಮನರು ಅವನ್ನು ಅಳೆದು ನೋಡಿದರು, ಗುಂಡು ಹೊಡೆದೂ ನೋಡಿದರು.

ಎರಡನೆಯ ತೊಡಕು ‘ಕೋಟೆ’ಯದ್ದೇ. ಕೋಟೆ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಗೋಡೆ, ಬುರುಜು, ಕಂದಕ ಬರುತ್ತವೆ, ಅಲ್ವಾ? ಮ್ಯಾಜಿನೋ ಸಾಲಿನಲ್ಲಿ ಮುಖ್ಯವಾದದ್ದೆಲ್ಲ ನೆಲದಡಿಯಲ್ಲಿದೆ. ಹಾಕೆನ್‌ಬೆರ್ಗ್ ಎಂಬಲ್ಲಿ ಸುಮಾರು 10 ಕಿಲೋಮೀಟರ್ ಸುರಂಗ, ಅದರೊಳಗೆ ಮದ್ದುಗುಂಡು ಸಾಗಿಸುವ ವಿದ್ಯುತ್ ರೈಲು, ವಿದ್ಯುತ್ ಮನೆ, ಅಡುಗೆ ಮನೆ, ಆಸ್ಪತ್ರೆ. ಮೇಲೆ ಕಾಣುವುದು ಒಂದಿಷ್ಟು ಕಾಂಕ್ರೀಟು, ಮಳೆಗಾಲದ ಅಣಬೆಗಳ ಹಾಗೆ ತಲೆಯೆತ್ತಿದ ಉಕ್ಕಿನ ಗುಮ್ಮಟಗಳು. ಫ್ರೆಂಚರು ಅದನ್ನು ‘ಉವ್ರಾಜ್’ ಎನ್ನುತ್ತಾರೆ, ಅಂದರೆ ಬರೀ ‘ಕೆಲಸ’. ನಾನು ‘ನೆಲಕೋಟೆ’ ಅಂತ ಬರೆದಿದ್ದೇನೆ. ‘ಭೂಗತ ಕೋಟೆ’ ಬೇಡ, ‘ಭೂಗತ’ ಅಂದರೆ ಈಗ ರೌಡಿಗಳ ನೆನಪೇ ಜಾಸ್ತಿ. ಇನ್ನು ಕದಲದ ಗುಮ್ಮಟಕ್ಕೆ ‘ಉಕ್ಕಿನ ಗುಮ್ಮಟ’, ಗುಂಡು ಹಾರಿಸುವಾಗ ಮೇಲೆದ್ದು ಮತ್ತೆ ಒಳಗಿಳಿಯುವ ತೋಪಿನ ಗೂಡಿಗೆ ‘ಏರಿಳಿ ಬುರುಜು’. ಬೇಹಿನ ಕತೆಯಲ್ಲಿ ಈ ವ್ಯತ್ಯಾಸ ಬೇಕೇ ಬೇಕು. ಇಳಿದು ಕೂತ ಬುರುಜನ್ನು ಮೇಲಿನಿಂದ ಫೋಟೋ ತೆಗೆದರೆ ಒಂದು ದುಂಡನೆ ಮುಚ್ಚಳ ಕಾಣಬಹುದು. ಕೆಳಗೆ ಸುರಂಗ ಎತ್ತ ಹೋಗಿದೆ ಎನ್ನುವುದು ಯಾವ ಫೋಟೋದಲ್ಲೂ ಸಿಗುವುದಿಲ್ಲ. ಅದಕ್ಕೆ ಕಾಗದದ ನಕಾಶೆಯೇ ಬೇಕು, ನಕಾಶೆಗೆ ಬಾತ್ಮೀದಾರನೇ ಬೇಕು.

ಕೊನೆಯದು, ನನಗೆ ದಾರಿಯೇ ಕಾಣದ್ದು. ಎಸ್ಟರ್‌ಹಾಜಿಯ ಪಟ್ಟಿಯಲ್ಲಿದ್ದ ಆ ಗಡಿಯ ಪಡೆಗಳಿಗೆ ಫ್ರೆಂಚಿನಲ್ಲಿ ‘ಕುವರ್ತ್ಯೂರ್’ ಪಡೆ ಅನ್ನುತ್ತಾರೆ. ಯುದ್ಧ ಸಾರಿದ ಮೇಲೆ ಮೀಸಲು ಸೈನಿಕರನ್ನು ಕರೆಸಿ, ರೈಲು ಹತ್ತಿಸಿ ಗಡಿಗೆ ತರಲು ದಿನಗಳು ಬೇಕು. ಅಲ್ಲಿಯವರೆಗೆ ಶತ್ರುವನ್ನು ತಡೆದು ನಿಲ್ಲಿಸುವುದು ಇವರ ಕೆಲಸ. ‘ಗಡಿ ಕಾವಲು ಪಡೆ’ ಅಂದರೆ ಓದುಗರು ನಮ್ಮ ಬಿಎಸ್‌ಎಫ್ ಅಂದುಕೊಳ್ಳುತ್ತಾರೆ. ‘ಮುಂಪಡೆ’ ಅಂದರೆ ನುಗ್ಗುವವರು. ‘ತಡೆಪಡೆ’, ‘ಒಡ್ಡುಪಡೆ’ ಎರಡೂ ಹೊಳೆದಿವೆ, ನನ್ನ ಒಲವು ಮೊದಲನೆಯದರ ಕಡೆಗೆ. ಬಳಗದಲ್ಲಿ ಸೇನೆಯಲ್ಲಿದ್ದು ಬಂದವರು ಇದ್ದೀರಿ. ಕೊಡಗಿನ ಕಡೆ, ಬೆಳಗಾವಿ ಕಡೆ ಸೈನಿಕರ ಮಾತಿನಲ್ಲಿ ಇದಕ್ಕೆ ಬಳಕೆಯ ಪದ ಇದ್ದರೆ ದಯವಿಟ್ಟು ತಿಳಿಸಿ. ಇದ್ದರೆ ಅದನ್ನೇ ಹಾಕುತ್ತೇನೆ.