ಅಫೋರ್ಡಬಲ್ ಹೌಸಿಂಗ್ ಅಂದ್ರೆ 'ಕೈಗೆಟುಕುವ ಮನೆ' ಸರೀನಾ? ಜೊತೆಗೆ ಅಡ್ವೊಕಸಿ, ಟ್ರಸ್ಟ್ ಫಂಡ್ ತಲೆನೋವು

ಎಲ್ಲರಿಗೂ ನಮಸ್ಕಾರ,

ಅಮೆರಿಕದ ರಾಜ್ಯ ಸರ್ಕಾರಗಳು ಕಡಿಮೆ ಆದಾಯದವರ ಮನೆಗಳಿಗೆ ದುಡ್ಡು ಎಲ್ಲಿಂದ ಹೊಂದಿಸ್ತವೆ, ಆ ದುಡ್ಡಿಗಾಗಿ ಅಲ್ಲಿನ ಸಂಘಟನೆಗಳು ಶಾಸಕರ ಬೆನ್ನು ಹೇಗೆ ಹತ್ತುತ್ತವೆ ಅನ್ನೋದ್ರ ಬಗ್ಗೆ ಒಂದು ಉದ್ದನೆ ಲೇಖನ ಬರೀತಿದೀನಿ. ವಿಷಯ ತಲೇಲಿ ಇದೆ, ಕನ್ನಡದಲ್ಲಿ ಇಳಿಸೋಕೆ ಕೂತ್ರೆ ಎರಡನೇ ಸಾಲಿಗೇ ಕೈ ನಿಲ್ತಿದೆ. ಬಲ್ಲವರು ಸ್ವಲ್ಪ ದಾರಿ ತೋರಿಸಿ.

ಮೊದಲ್ನೇದು ಅಫೋರ್ಡಬಲ್. ಪೇಪರ್‌ನಲ್ಲೆಲ್ಲ ಬರೋದು 'ಕೈಗೆಟುಕುವ ದರದ ಮನೆ' ಅಂತ (ಎಟುಕು, ಎಟಕು ಎರಡೂ ನೋಡಿದೀನಿ, ನಾನು ಎಟುಕು ಅಂತ ಇಟ್ಕೊಂಡಿದೀನಿ). ಪದ ಚೆನ್ನಾಗೇ ಇದೆ, ಆದ್ರೆ ಸೀರೆಗೆ, ಮೊಬೈಲಿಗೆ, ಹಲ್ಲಿನ ಟ್ರೀಟ್‌ಮೆಂಟಿಗೆ ಎಲ್ಲದಕ್ಕೂ ಜಾಹೀರಾತಿನವರು ಕೈಗೆಟುಕುವ ಕೈಗೆಟುಕುವ ಅಂತ ಅಂಟಿಸಿ ಅಂಟಿಸಿ ಈಗ ಅದನ್ನ ಓದಿದ್ರೆ 'ರೇಟು ಕಮ್ಮಿ' ಅಂತಷ್ಟೇ ಕೇಳಿಸುತ್ತೆ. ಯಾರ ಕೈಗೆ ಅನ್ನೋ ಪ್ರಶ್ನೇನೇ ಏಳಲ್ಲ. ಅಮೆರಿಕದಲ್ಲಿ ಅಫೋರ್ಡಬಲ್ ಅನ್ನೋದು ಬಣ್ಣನೆ ಅಲ್ಲ, ಲೆಕ್ಕ. ಮನೆಯವರ ಆದಾಯದಲ್ಲಿ ಇಷ್ಟು ಪಾಲಿಗಿಂತ ಜಾಸ್ತಿ ಬಾಡಿಗೆಗೆ ಹೋಗ್ಬಾರ್ದು ಅನ್ನೋ ಲೆಕ್ಕ. ಸರ್ಕಾರಿ ಬಾಡಿಗೆ ಮನೆಗಳಿಗೆ 1969ರಲ್ಲಿ ಈ ಮಿತಿ ಕಾನೂನಿಗೆ ಬಂದಾಗ ಶೇ. 25 ಇತ್ತು, 1981ರಲ್ಲಿ ಶೇ. 30 ಮಾಡಿದ್ರು, ಈಗ ಎಲ್ಲರ ಬಾಯಲ್ಲೂ ಮೂವತ್ತೇ.

ಹಾಗಾಗಿ ನಾನು ಮೊದಲ ಕರಡಲ್ಲಿ ಜಾಣತನ ಮಾಡಿ 'ಆದಾಯಕ್ಕೆ ತಕ್ಕ ಬಾಡಿಗೆಯ ಮನೆ' ಅಂತ ಬರೆದೆ. ಖುಷಿಯಾಗಿತ್ತು. ಆಮೇಲೆ ಲೆಕ್ಕ ಹಾಕ್ತಾ ಹೋದ್ರೆ ಅದು ಅರ್ಧ ಮನೆಗಳಿಗೆ ಸುಳ್ಳು! ಯಾಕಂದ್ರೆ ಸರ್ಕಾರಿ ಬಾಡಿಗೆ ಮನೇಲಿ ಬಾಡಿಗೆ ನಿಜವಾಗ್ಲೂ ಅವರವರ ಆದಾಯ ನೋಡಿ ನಿಗದಿ ಆಗುತ್ತೆ, ಆದ್ರೆ ಟ್ಯಾಕ್ಸ್ ಕ್ರೆಡಿಟ್ (ಹೂಡಿಕೆದಾರರಿಗೆ ತೆರಿಗೇಲಿ ಸಿಗೋ ಕಳೆತ, ವಿವರ ಕೆಳಗಿದೆ) ದುಡ್ಡಲ್ಲಿ ಕಟ್ಟಿದ ಮನೇಲಿ ಹಾಗಲ್ಲ, ಅಲ್ಲಿ ಆ ಪ್ರದೇಶದ ಮೀಡಿಯನ್ ಆದಾಯ (ಎಲ್ಲರನ್ನೂ ಆದಾಯದ ಪ್ರಕಾರ ಸಾಲಾಗಿ ನಿಲ್ಲಿಸಿದ್ರೆ ಸರಿಯಾಗಿ ನಡುವೆ ಬರೋರ ಆದಾಯ) ತಗೊಂಡು, ಅದರಲ್ಲಿ ಸಾಮಾನ್ಯವಾಗಿ ಶೇ. 60 ಹಿಡಿದು, ಆ ಮೊತ್ತದ ಶೇ. 30 ಎಷ್ಟೋ ಅದೇ ಬಾಡಿಗೆಯ ಮೇಲ್ಮಿತಿ. ಒಂದು ಊರಿನ ಮೀಡಿಯನ್ ವರ್ಷಕ್ಕೆ 1 ಲಕ್ಷ ಡಾಲರ್ ಅಂತ ಇಟ್ಕೊಳ್ಳಿ. ಶೇ. 60 ಅಂದ್ರೆ 60,000. ಅದರ ಶೇ. 30 ಅಂದ್ರೆ 18,000, ತಿಂಗಳಿಗೆ 1,500. ವರ್ಷಕ್ಕೆ 40,000 ದುಡಿಯೋ ಹೆಂಗಸು ಆ ಮನೆಗೆ ಬಂದ್ರೂ ಅವಳಿಂದ 1,500 ಕೇಳಬಹುದು, ಅಂದ್ರೆ ಅವಳ ಆದಾಯದ ಶೇ. 45. ಅದೇ ಹೆಂಗಸು ಸರ್ಕಾರಿ ಬಾಡಿಗೆ ಮನೇಲಿದ್ರೆ ಹತ್ತಿರತ್ತಿರ 1,000 ಕಟ್ಟಿದ್ರೆ ಮುಗೀತು. ಎರಡಕ್ಕೂ ಹೆಸರು ಅಫೋರ್ಡಬಲ್ಲೇ. ಅವಳ ಮಟ್ಟಿಗೆ ಒಂದು ಎಟುಕಿದೆ, ಇನ್ನೊಂದು ಹುಳಿ ದ್ರಾಕ್ಷಿ.

ಈಗ ನನ್ನ ತಲೇಲಿರೋದು 'ಮಿತಬಾಡಿಗೆ ಮನೆ'. ಬಾಡಿಗೆಗೆ ಕಾನೂನು ಒಂದು ಮಿತಿ ಹಾಕಿದೆ ಅನ್ನೋದು ಮಾತ್ರ ಎರಡೂ ಕಡೆ ನಿಜ. ಮಿತವ್ಯಯ, ಮಿತಾಹಾರ ಅನ್ನೋ ಥರ ಕೇಳಿಸುತ್ತೆ. ಅರಿಸಮಾಸ ಆಯ್ತು ಅಂತ ಮೇಷ್ಟ್ರುಗಳು ಕಿವಿ ಹಿಂಡಬಹುದು, ಹಿಂಡಲಿ. ತಲೆಬರಹಕ್ಕೆ ಕೈಗೆಟುಕುವ, ಒಳಗೆ ಲೆಕ್ಕ ಬಂದ ಕಡೆ ಮಿತಬಾಡಿಗೆ, ಹೀಗೆ ಎರಡನ್ನೂ ಬಳಸಿದ್ರೆ ಓದೋರಿಗೆ ಗೊಂದಲ ಆಗುತ್ತಾ? 'ಆಶ್ರಯ ಮನೆ' ಅಂತ ಮಾತ್ರ ಯಾರೂ ಹೇಳ್ಬೇಡಿ, ಆ ಪದ ಹಾಕಿದ ತಕ್ಷಣ ಓದೋರು ಹಕ್ಕುಪತ್ರ ಎಲ್ಲಿ ಅಂತ ಹುಡುಕ್ತಾರೆ, ಇದು ಬಹುಪಾಲು ಬಾಡಿಗೆ ಮನೆ ಕಥೆ.

ಮೀಡಿಯನ್‌ಗೆ ಸ್ಕೂಲ್ ಗಣಿತದ 'ಮಧ್ಯಾಂಕ' ಇದೆಯಲ್ಲ, ಅದನ್ನೇ ಹಾಕಿದೀನಿ. 'ಸರಾಸರಿ' ಅಂದ್ರೆ ತಪ್ಪು, ನಾಲ್ಕು ಜನ ಕೋಟ್ಯಧೀಶರು ಊರಿಗೆ ಬಂದ್ರೆ ಸರಾಸರಿ ಮೇಲೆ ಹಾರುತ್ತೆ, ಮಧ್ಯಾಂಕ ಅಷ್ಟು ಅಲ್ಲಾಡಲ್ಲ. ಇದ್ರಲ್ಲಿ ಚರ್ಚೆ ಬೇಡ ಅನ್ಸುತ್ತೆ.

ಟ್ಯಾಕ್ಸ್ ಕ್ರೆಡಿಟ್‌ಗೆ ನಾನು ಅವಸರದಲ್ಲಿ 'ತೆರಿಗೆ ಸಾಲ' ಅಂತ ಹಾಕಿದ್ದೆ. ಕರಡು ಓದಿದ ಅಕ್ಕ ಪೆನ್ಸಿಲಲ್ಲಿ ಪಕ್ಕಕ್ಕೆ ಬರೆದಿದ್ಲು, "ಯಾರು ಯಾರಿಗೆ ಸಾಲ ಕೊಟ್ರೋ? ಬಡ್ಡಿ ಎಷ್ಟು?" ನಾಚಿಕೆ ಆಯ್ತು. ಅಲ್ಲಿ ಸಾಲದ ಮಾತೇ ಇಲ್ಲ. 1986ರ ತೆರಿಗೆ ಕಾಯ್ದೇಲಿ ಬಂದ ವ್ಯವಸ್ಥೆ ಅದು, ಕೇಂದ್ರ ಸರ್ಕಾರ ಪ್ರತಿ ರಾಜ್ಯಕ್ಕೂ ಒಂದಿಷ್ಟು ಕ್ರೆಡಿಟ್ ಹಂಚುತ್ತೆ, ರಾಜ್ಯದ ವಸತಿ ಹಣಕಾಸು ಸಂಸ್ಥೆ ತನ್ನದೇ ಅಂಕಪಟ್ಟಿ ಮಾಡ್ಕೊಂಡು ಯಾವ ಯೋಜನೆಗೆ ಎಷ್ಟು ಅಂತ ಕೊಡುತ್ತೆ, ಬಿಲ್ಡರ್ ಅದನ್ನ ಬ್ಯಾಂಕಿನಂಥ ಹೂಡಿಕೆದಾರರಿಗೆ ದಾಟಿಸಿ ದುಡ್ಡು ಎತ್ತುತ್ತಾನೆ, ಅವರು 10 ವರ್ಷ ತಮ್ಮ ತೆರಿಗೇಲಿ ಅಷ್ಟನ್ನ ಕಮ್ಮಿ ಕಟ್ತಾರೆ. ಕಟ್ಟೋಕೆ ಸಾಲ ಕಮ್ಮಿ ಸಾಕಾಗೋದ್ರಿಂದ ಬಾಡಿಗೆ ಇಳಿಸಬಹುದು, ಇದೇ ಗುಟ್ಟು. 'ವಿನಾಯಿತಿ' ಅಂದ್ರೂ ಸರಿಹೋಗಲ್ಲ. ವಿನಾಯಿತಿ ಅಂದ್ರೆ ಇಷ್ಟು ಆದಾಯಕ್ಕೆ ತೆರಿಗೇನೇ ಬೇಡ ಅಂತ, ಇದು ಹಾಕಿದ ತೆರಿಗೇಲೇ ಡಾಲರಿಗೆ ಡಾಲರ್ ಕಳೆಯೋದು. 'ತೆರಿಗೆ ಕಡಿತ'ನೂ ಬೇಡ, ಓದೋರು ಸಂಬಳದಲ್ಲಿ ಟಿಡಿಎಸ್ ಹಿಡಿಯೋದು ಅನ್ಕೋತಾರೆ. 'ತೆರಿಗೆ ವಜಾ' ಹೇಗಿದೆ? ಅಂಗಡಿ ಲೆಕ್ಕದಲ್ಲಿ 'ಅಡ್ವಾನ್ಸ್ ವಜಾ ಮಾಡಿ ಬಾಕಿ ಇಷ್ಟು' ಅಂತೀವಲ್ಲ, ಅದೇ ವಜಾ. ಆದ್ರೆ ಇವತ್ತು ವಜಾ ಅಂದ್ರೆ ನೌಕರಿಯಿಂದ ತೆಗೆದುಹಾಕಿದ್ದೇ ನೆನಪಾಗುತ್ತೆ ಅನ್ನೋ ಭಯ.

ಈಗ ಅಡ್ವೊಕಸಿ. ನಿಘಂಟು ನೋಡಿದ್ರೆ ಪ್ರತಿಪಾದನೆ, ಸಮರ್ಥನೆ, ವಕಾಲತ್ತು. ಪ್ರತಿಪಾದನೆ ಸಿದ್ಧಾಂತಕ್ಕೆ ಸರಿ, ಛಾವಣಿಗೆ ಸರಿಯಲ್ಲ. ವಕಾಲತ್ತು ಪದ ನಂಗಿಷ್ಟ, ಆದ್ರೆ ಮನೇಲಿ 'ಅವನ ಪರ ವಕಾಲತ್ತು ವಹಿಸ್ಕೊಂಡು ಬಂದ್ಯಾ' ಅಂತ ಬೈಯೋಕೇ ಅದು ಜಾಸ್ತಿ ಬಳಕೆ. ಕರಪತ್ರದ ಕೊನೇಲಿ ಬರೋ 'ಹಕ್ಕೊತ್ತಾಯ' ಬೇಡಿಕೆ ಪಟ್ಟಿಗೆ ಹೊಂದುತ್ತೆ, ವರ್ಷವಿಡೀ ನಡೆಯೋ ಕೆಲಸಕ್ಕೆ ಅಲ್ಲ. ಗೆಳೆಯನೊಬ್ಬ 'ಲಾಬಿ ಅಂತ ಬರಿಯಪ್ಪ, ಸುಮ್ನೆ ಯಾಕೆ' ಅಂದ. ಅದೇ ಆಗದ ಮಾತು. ಅಲ್ಲಿ ದೇಣಿಗೆಗೆ ತೆರಿಗೆ ರಿಯಾಯಿತಿ ಪಡೆಯೋ ಸೇವಾ ಸಂಸ್ಥೆಗಳು ಲಾಬಿಯನ್ನೇ ಮುಖ್ಯ ಕೆಲಸ ಮಾಡ್ಕೊಳ್ಳೋ ಹಾಗಿಲ್ಲ, 1976ರ ಕಾಯ್ದೆ ಪ್ರಕಾರ ಬೇಕಾದ್ರೆ ಲಾಬಿ ಖರ್ಚಿಗೆ ಒಂದು ಮಿತಿ ಒಪ್ಕೊಂಡು ಅದರೊಳಗೆ ಲೆಕ್ಕ ಇಟ್ಟು ಮಾಡಬಹುದು. ಶಾಸಕರ ಹತ್ರ ಹೋಗಿ ಈ ಮಸೂದೆಗೆ ಓಟ್ ಹಾಕಿ ಅಂದ್ರೆ ಅದು ಲಾಬಿ. ಬಾಡಿಗೆ ಹೊರೆ ಬಗ್ಗೆ ವರದಿ ಬರೆಯೋದು, ಬಾಡಿಗೆದಾರರನ್ನ ಸೇರಿಸಿ ಮಾತಾಡ್ಸೋದು ಅಡ್ವೊಕಸಿ, ಆದ್ರೆ ಲಾಬಿ ಅಲ್ಲ. ಎರಡಕ್ಕೂ ಒಂದೇ ಪದ ಹಾಕಿದ್ರೆ ಲೇಖನದ ಒಂದು ಪೂರ್ತಿ ಭಾಗ ಬಿದ್ದುಹೋಗುತ್ತೆ. ಸದ್ಯಕ್ಕೆ ಲಾಬಿಯನ್ನ ಲಾಬಿ ಅಂತಲೇ ಬಿಟ್ಟು, ಇನ್ನೊಂದಕ್ಕೆ ನಾಮಪದದ ಹುಡುಕಾಟ ಬಿಟ್ಟು 'ವಸತಿ ಪರ ದನಿ ಎತ್ತು' ಅಂತ ಕ್ರಿಯಾಪದದಲ್ಲೇ ದಾಟಿಸ್ತಿದೀನಿ. ಕನ್ನಡಕ್ಕೆ ಅದೇ ಒಗ್ಗುತ್ತೆ ಅಂತ ನನ್ನ ಅನಿಸಿಕೆ, ಆದ್ರೆ ಸಂಸ್ಥೆಯ ಹೆಸರಲ್ಲೇ ಆ ಪದ ಇದ್ರೆ ಏನ್ ಮಾಡೋದು?

ಕೊನೇದು ನಂಗೆ ತುಂಬ ಇಷ್ಟವಾದ್ದು, ಹೌಸಿಂಗ್ ಟ್ರಸ್ಟ್ ಫಂಡ್. 'ವಿಶ್ವಸ್ಥ ನಿಧಿ' ಅಂದ್ರೆ ಯಾರಿಗೂ ಅರ್ಥ ಆಗಲ್ಲ, 'ದತ್ತಿನಿಧಿ' ಅಂದ್ರೆ ಚಿನ್ನದ ಪದಕದ ವಾಸನೆ. ಇದು ಏನಂದ್ರೆ ಒಂದು ಗೊತ್ತಾದ ಮೂಲದ ದುಡ್ಡನ್ನ ವಸತಿಗೆ ಅಂತಲೇ ಎತ್ತಿಡೋದು. ಫ್ಲೋರಿಡಾದಲ್ಲಿ 1992ರಲ್ಲಿ ಆಸ್ತಿ ವ್ಯವಹಾರದ ಮುದ್ರಾಂಕ ತೆರಿಗೇಲಿ ಒಂದು ಪಾಲನ್ನ ಹೀಗೆ ಎತ್ತಿಟ್ರು. ಕ್ಯಾಲಿಫೋರ್ನಿಯಾ 2017ರಲ್ಲಿ ಕೆಲವು ಆಸ್ತಿ ದಾಖಲೆಗಳ ನೋಂದಣಿಗೆ 75 ಡಾಲರ್ ಶುಲ್ಕ ಹಾಕಿ ವಸತಿಗೆ ಕೊಡ್ತು. ಇದಕ್ಕೆ 'ಮುಡಿಪು' ಅನ್ನಬಾರದಾ? ವಸತಿ ಮುಡಿಪು. ಅಜ್ಜಿ ಅರಿಶಿನ ಬಟ್ಟೇಲಿ ನಾಣ್ಯ ಕಟ್ಟಿ ದೇವರ ಗೂಡಲ್ಲಿ ಇಟ್ಟಿದ್ದನ್ನ ಮನೇಲಿ ಎಷ್ಟೇ ಕಷ್ಟ ಇದ್ರೂ ಯಾರೂ ಮುಟ್ತಿರ್ಲಿಲ್ಲ. ಫ್ಲೋರಿಡಾದ ಶಾಸಕರು ಮುಟ್ಟಿದ್ರು! ಎಷ್ಟೋ ವರ್ಷ ಆ ನಿಧಿಯ ದುಡ್ಡನ್ನ ಬೇರೆ ಬಾಬತ್ತುಗಳಿಗೆ ತಿರುಗಿಸಿದ್ರು. ಅಲ್ಲಿ ಅದಕ್ಕೆ ಸ್ವೀಪ್ ಅಂತಾರೆ. ನಮ್ಮಲ್ಲಿ 'ಗುಡಿಸಿ ಗುಂಡಾಂತರ' ರೆಡಿ ಇದೆ, ಆದ್ರೆ ಗಂಭೀರ ಲೇಖನದಲ್ಲಿ ಹಾಕಿದ್ರೆ ಸಂಪಾದಕರು ಬಿಡ್ತಾರಾ ಗೊತ್ತಿಲ್ಲ. ಮುಡಿಪು ಅಂತ ಇಟ್ರೆ 'ಮುಡಿಪು ಮುರಿದರು' ಅಂತ ಬರೆದ್ರೂ ಸಾಕು.

ಒಂದು ಮಾತ್ರ ಸಲೀಸಾಗಿ ಬಂತು. ಮ್ಯಾಸಚೂಸೆಟ್ಸ್ 2024ರಲ್ಲಿ 516 ಕೋಟಿ ಡಾಲರ್‌ನ ವಸತಿ ಕಾಯ್ದೆ ಮಾಡ್ತು, ಅದು ಬಹುಪಾಲು ಬಾಂಡ್ ಹೊರಡಿಸಿ ಸಾಲ ಎತ್ತೋಕೆ ಅನುಮತಿ, ಕೈಗೆ ಬಂದ ದುಡ್ಡಲ್ಲ. ಇಂಗ್ಲಿಷಲ್ಲಿ ಇದನ್ನ ವಿವರಿಸೋಕೆ ಎರಡು ಪ್ಯಾರಾ ತಗೋತಾರೆ. ನಾನು ಬರೆದಿದ್ದು ಇಷ್ಟೇ: ಮಂಜೂರಾಗಿದೆ, ಬಿಡುಗಡೆ ಬೇರೆ ಮಾತು. ಅಕ್ಕ ಅಲ್ಲಿ ಪೆನ್ಸಿಲ್ ಆಡಿಸ್ಲಿಲ್ಲ.

ಹಾಂ, ಗ್ಯಾಪ್ ಫೈನಾನ್ಸಿಂಗ್ ಉಳೀತು. ಸಾಲ, ಕ್ರೆಡಿಟ್ ದುಡ್ಡು ಎಲ್ಲ ಸೇರಿಸಿದ್ರೂ ಕಟ್ಟೋ ಖರ್ಚಿಗೆ ಕಮ್ಮಿ ಬೀಳುತ್ತಲ್ಲ, ಆ ಕೊನೇ ತುಂಡಿಗೆ ರಾಜ್ಯ ಕೊಡೋ ದುಡ್ಡು. 'ಕೊರತೆ ತುಂಬುವ ನೆರವು' ಅಂತ ಬರೆದಿದೀನಿ, ಉದ್ದ ಆಯ್ತು. ಕಟ್ಟಡ ಕಂಟ್ರಾಕ್ಟ್ ಕಡೆಯವರು ಯಾರಾದ್ರೂ ಇಲ್ಲಿದ್ರೆ ನೀವು ಬಾಯಲ್ಲಿ ಏನಂತೀರಿ ಹೇಳಿ. ಮಿತಬಾಡಿಗೆ, ಮುಡಿಪು ಎರಡರ ಬಗ್ಗೆ ಬೈಯೋದಿದ್ರೂ ಬೈದು ಬರೀರಿ, ಮುಂದಿನ ವಾರ ಕರಡು ಕೊಡ್ಬೇಕು.