ಹಳೇ ಮನೆಯ ಹೂವಿನ ಟೈಲ್ಸ್: ಆಸಿಡ್ ಹಾಕಿ ತೊಳೆಸಬಹುದಾ?

ಪ್ರಶ್ನೆ (ದಾವಣಗೆರೆ, ಪಿ.ಜೆ. ಬಡಾವಣೆ):
ತಾತನ ಕಾಲದ ಮನೆ ಸರ್. ಪಡಸಾಲೆ ತುಂಬ 8 ಇಂಚು ಚೌಕದ ಹೂಬಳ್ಳಿ ಟೈಲ್ಸ್, ಕೆಂಪು, ಹಸಿರು, ಕೆನೆ ಬಣ್ಣ. ಎಲ್ಲಾ ಮಂಕಾಗಿದೆ. ಬಚ್ಚಲ ಕಡೆ ಗೋಡೆ ಪಕ್ಕ ಬಿಳಿ ಪುಡಿ ಏಳ್ತಿದೆ, ಏಳೆಂಟು ಟೈಲ್ಸ್ ಅಲುಗಾಡ್ತಿವೆ. ಆಸಿಡ್‌ನಲ್ಲಿ ತೊಳೆದು ಮೇಲೆ ಲ್ಯಾಕರ್ ಹೊಡೆದರೆ ಹೊಸದಾಗುತ್ತೆ ಅಂತಾರೆ ಮೇಸ್ತ್ರಿ. ಮಾಡಿಸಲಾ?

ಉತ್ತರ (ಹಳೇ ಕಟ್ಟಡ ದುರಸ್ತಿ ಎಂಜಿನಿಯರ್):
ಎರಡೂ ಬೇಡ್ರಿ. ಅಲುಗಾಡುವ ಒಂದು ಟೈಲ್ ಎತ್ತಿ ಅದರ ಬದಿ ನೋಡಿ. ಮೇಲೆ 3-4 ಮಿ.ಮೀ. ಬಣ್ಣದ ಪದರ, ಕೆಳಗೆ ಬೂದು ಸಿಮೆಂಟ್ ಕಂಡರೆ ಅದು ಭಟ್ಟಿಯಲ್ಲಿ ಸುಟ್ಟ ಟೈಲ್ ಅಲ್ಲ, ಅಚ್ಚಿನಲ್ಲಿ ಬಣ್ಣ ಸುರಿದು ಒತ್ತಿದ ಸಿಮೆಂಟ್ ಟೈಲ್. 1922ರಲ್ಲಿ ಮುಂಬೈಯಲ್ಲಿ ಶುರುವಾದ ಭಾರತ್ ಟೈಲ್ಸ್‌ನವರು ಮಾಡುತ್ತಿದ್ದುದೂ ಇದೇ ಬಗೆ. ಆ ಪದರದಲ್ಲಿರೋದು ಬಿಳಿ ಸಿಮೆಂಟ್, ಅಮೃತಶಿಲೆ ಪುಡಿ, ಬಣ್ಣ. ಆಸಿಡ್ ಬಿದ್ದರೆ ಸಿಮೆಂಟೂ ಅಮೃತಶಿಲೆಯೂ ಕರಗುತ್ತವೆ. ಮೊದಲ ದಿನ ಫಳಫಳ ಕಾಣುತ್ತೆ, ಆಮೇಲೆ ಮೈಯೆಲ್ಲ ತೂತುಬಿದ್ದು ಮೊದಲಿಗಿಂತ ಬೇಗ ಕೊಳೆ ಹಿಡಿಯುತ್ತೆ. ಟಾಯ್ಲೆಟ್ ತೊಳೆಯೋ ಲಿಕ್ವಿಡ್, ನಿಂಬೆಹುಳಿ, ಹುಣಸೆಹುಳಿಗೂ ಇದೇ ಮಾತು.

ನಿಮ್ಮಲ್ಲಿ ಮೊದಲ ಕೆಲಸ ನೆಲದ್ದಲ್ಲ, ನೀರಿನದು. ಆ ಬಿಳಿ ಪುಡಿ ಅಂದ್ರೆ ಚೌಳು. ಅಡಿಯ ತೇವ ಮಣ್ಣು, ಗಾರೆಯಲ್ಲಿರುವ ಉಪ್ಪನ್ನು ಮೇಲಕ್ಕೆ ತರುತ್ತೆ, ನೀರು ಆರಿಹೋಗಿ ಉಪ್ಪು ಉಳಿಯುತ್ತೆ. ಬಚ್ಚಲ ಪೈಪು, ಮೋರಿ ಸೋರುತ್ತಿದೆಯಾ ನೋಡಿಸಿ. ಹೊರಗಡೆ ಅಂಗಳದ ಮಟ್ಟ ಒಳನೆಲಕ್ಕಿಂತ ಎತ್ತರವಾಗಿದ್ದರೆ ಅದನ್ನು ಇಳಿಸಿ. ರಸ್ತೆ ಏರಿಸಿದಂತೆಲ್ಲ ಹಳೇ ಮನೆಗಳಿಗೆ ಇದು ತಪ್ಪದ ಗೋಳು. ಅಡಿಯಲ್ಲಿ ಎರೆಮಣ್ಣಿದ್ದರೆ ತೇವಕ್ಕೆ ಉಬ್ಬಿ ಬೇಸಿಗೆಗೆ ಕುಗ್ಗುತ್ತೆ, ಟೈಲ್ಸ್ ಬಿಡೋದಕ್ಕೆ ಅದೂ ಕಾರಣ.

ತೇವ ಆರಿದೆಯಾ ಅಂತ ತಿಳಿಯೋಕೆ 2 ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ನೆಲಕ್ಕೆ ಅಂಟಿಸಿ, 48 ಗಂಟೆ ಬಿಡಿ. ಒಳಗೆ ಹನಿ ಕಟ್ಟಿದರೆ ಅಥವಾ ಟೈಲ್ ಬಣ್ಣ ಗಾಢವಾದರೆ ಇನ್ನೂ ಕಾಯಬೇಕು. ಅಲ್ಲಿವರೆಗೆ ಚೌಳನ್ನು ಒಣ ಬ್ರಷ್‌ನಿಂದ ಗುಡಿಸಿ ತೆಗೀರಿ. ನೀರು ಹಾಕಿದರೆ ಉಪ್ಪು ಕರಗಿ ಮತ್ತೆ ಒಳಕ್ಕೇ ಇಳಿಯುತ್ತೆ.

ಲ್ಯಾಕರ್ ಬೇಡ ಅಂದಿದ್ದೂ ಇದಕ್ಕೇ. ಮೇಲೆ ಪೊರೆ ಕಟ್ಟಿದರೆ ತೇವ ಹೊರಬರಲಾಗದೆ ಪೊರೆ ಬೆಳ್ಳಗಾಗಿ ಸಿಪ್ಪೆ ಏಳುತ್ತೆ, ಕೆಲವೊಮ್ಮೆ ಬಣ್ಣವನ್ನೂ ಕಿತ್ತುಕೊಂಡೇ ಬರುತ್ತೆ.

ಉತ್ತರ (ನೆಲಹಾಸು ಕೆಲಸದವರು):
ಅಲುಗಾಡೋ ಟೈಲ್ಸ್ ಬಗ್ಗೆ ನಾನು ಹೇಳ್ತೀನಿ. ಮರದ ಹಿಡಿಯಿಂದ ತಟ್ಟುತ್ತಾ ಹೋಗಿ, ಟೊಳ್ಳು ಶಬ್ದ ಬಂದ ಕಡೆ ಸೀಮೆಸುಣ್ಣದ ಗುರುತು ಹಾಕಿ. ಎತ್ತೋ ಮುಂಚೆ ಫೋಟೋ ತೆಗೆದು, ಪ್ರತಿ ಟೈಲ್‌ಗೂ ಟೇಪಿನ ಮೇಲೆ ನಂಬರ್ ಬರೀರಿ, ಬಳ್ಳಿಯ ದಿಕ್ಕು ತಿರುಗಿದರೆ ಇಡೀ ಪಡಸಾಲೆ ಕೆಟ್ಟು ಕಾಣುತ್ತೆ. ಸಂದನ್ನು ಹ್ಯಾಕ್ಸಾ ಬ್ಲೇಡಿನಿಂದ ಬಿಡಿಸಿ, ಒಡೆದಿರೋ ಟೈಲ್‌ನಿಂದಲೇ ಶುರು ಮಾಡಿ. ಪಕ್ಕದ ಗಟ್ಟಿ ಟೈಲ್‌ಗೆ ಉಳಿ ಆನಿಸಿ ಮೀಟಬೇಡಿ, ಅಂಚು ಹಾರುತ್ತೆ. ಬೆನ್ನಿನ ಹಳೇ ಸುಣ್ಣದ ಗಾರೆ ಸುಲಭಕ್ಕೆ ಬಿಡುತ್ತೆ.

ಮತ್ತೆ ಕೂರಿಸೋಕೆ 1 ಸಿಮೆಂಟ್, 1 ಸುಣ್ಣ, 6 ಜರಡಿ ಹಿಡಿದ ಮರಳು, 20-25 ಮಿ.ಮೀ. ದಪ್ಪ. ಬರೀ ಸಿಮೆಂಟ್ ಗಾರೆ ಬೇಡ, ಮುಂದೆ ಎತ್ತಬೇಕಾದಾಗ ಟೈಲ್ ಒಡೆಯದೆ ಬರಲ್ಲ. ಟೈಲ್ ಬೆನ್ನು ಒದ್ದೆ ಮಾಡಿಕೊಳ್ಳಿ, ಒಣ ಟೈಲ್ ಗಾರೆಯ ನೀರು ಹೀರಿ ಹಿಡಿತ ಕೊಡಲ್ಲ. ರಬ್ಬರ್ ಸುತ್ತಿಗೆಯಲ್ಲಿ ತಟ್ಟಿ ಮಟ್ಟ ಮಾಡಿ. ಸಂದಿಗೆ ಬಿಳಿ ಸಿಮೆಂಟ್ ಜೊತೆ ತಿಳಿ ಬಣ್ಣ ಮಾತ್ರ. ಕಪ್ಪು ಗ್ರೌಟ್ ಟೈಲ್ ಮೈಗೇ ಇಳಿದುಬಿಡುತ್ತೆ.

ಒಡೆದದ್ದಕ್ಕೆ ಬದಲಿ ಬೇಕಾದರೆ ಬೀರು, ಮಂಚದ ಅಡಿಯಿಂದ ಹಳೇದನ್ನೇ ಎತ್ತಿ ನಡುವೆ ಹಾಕಿ, ಹೊಸದನ್ನು ಬೀರು ಕೆಳಗೆ ಹಾಕಿ. ಕಾರೈಕುಡಿ ಹತ್ತಿರದ ಆತ್ತಂಗುಡಿಯಲ್ಲಿ ಈಗಲೂ ಕೈಯಲ್ಲೇ ಸಿಮೆಂಟ್ ಟೈಲ್ಸ್ ಮಾಡ್ತಾರೆ. ಅಳತೆ ಮಿ.ಮೀ. ಲೆಕ್ಕದಲ್ಲೇ ಕೊಡಿ: ಹಳೇ 8 ಇಂಚು ಅಂದ್ರೆ 203, ಈಗಿನ ಅಚ್ಚು 200 ಇದ್ದರೆ ಸಂದು ಕೂಡಲ್ಲ.

ಪ್ರಶ್ನೆ (ಚಿತ್ರದುರ್ಗ):
ಅಣ್ಣಾ, ನಮ್ಮಲ್ಲಿ ತೇವ ಇಲ್ಲ, ಬರೀ ಮಂಕು ಮತ್ತು ದೀಪದೆಣ್ಣೆ ಕಲೆ. ಪಾಲಿಶ್ ಮೆಷಿನ್ ಹೊಡೆಸಬಹುದಾ?

ಉತ್ತರ (ಎಂಜಿನಿಯರ್):
ಕೊನೇ ದಾರಿ ಅಂತ ಇಟ್ಟುಕೊಳ್ಳಿ. ಮೊಸಾಯಿಕ್‌ಗೆ ಹಾಕೋ 60, 120 ನಂಬರ್ ಕಲ್ಲು ಹಾಕಿಸಬೇಡಿ, ಬಣ್ಣದ ಪದರವೇ ಸವೆದುಹೋಗುತ್ತೆ. ಹೊಡೆಸಲೇಬೇಕಾದರೆ ಡೈಮಂಡ್ ಪ್ಯಾಡ್ 400ರಿಂದ ಶುರು, ಆಮೇಲೆ 800, 1500, ನೀರು ಹಾಕಿಕೊಂಡೇ. ಮೊದಲು ಮೂಲೆಯ ಎರಡು ಟೈಲ್ ಮೇಲೆ ನೋಡಿ.

ಎಣ್ಣೆ ಕಲೆಗೆ ಮುಲ್ತಾನಿ ಮಿಟ್ಟಿಯನ್ನು ಟರ್ಪೆಂಟೈನ್‌ನಲ್ಲಿ ಕಲಸಿ ಅರ್ಧ ಇಂಚು ದಪ್ಪ ಮೆತ್ತಿ, ಪ್ಲಾಸ್ಟಿಕ್ ಮುಚ್ಚಿ 24 ಗಂಟೆ ಬಿಡಿ. ಆಮೇಲೆ ಪ್ಲಾಸ್ಟಿಕ್ ತೆಗೆದು ಪೂರ್ತಿ ಒಣಗಲು ಬಿಡಿ, ಎಣ್ಣೆಯನ್ನು ಮೇಲಕ್ಕೆ ಎಳೆಯೋದು ಆ ಒಣಗೋ ಹೊತ್ತಿನಲ್ಲೇ. ಹಳೇ ಕಲೆಗೆ ಎರಡು ಮೂರು ಸಲ ಬೇಕು. ಕಿಟಕಿ ತೆಗೆದಿರಲಿ, ಹತ್ತಿರ ದೀಪ ಹಚ್ಚಬೇಡಿ.

ತೊಳೆಯೋದು ಆಸಿಡ್ಡೂ ಸೋಡಾನೂ ಇಲ್ಲದ ಮೆದು ಸೋಪಿನಲ್ಲಿ. ಕೊನೇ ಸಲ ಒರೆಸೋಕೆ ಗಡಸು ಬೋರ್ ನೀರು ಬೇಡ, ಆರಿದ ಮೇಲೆ ಬಿಳಿ ಕಲೆ ಉಳಿಯುತ್ತೆ. ಪೂರ್ತಿ ಒಣಗಿದ ಮೇಲೆ ಒಳಕ್ಕೆ ಇಳಿಯೋ ಸಿಲೇನ್-ಸಿಲೋಕ್ಸೇನ್ ಸೀಲರ್ ತೆಳ್ಳಗೆ ಎರಡು ಕೈ, ಹೀರದೆ ಉಳಿದದ್ದನ್ನು 10-15 ನಿಮಿಷದೊಳಗೆ ಒರೆಸಿಬಿಡಿ. ಬಿಟ್ಟರೆ ಅಂಟಂಟಾಗಿ ಧೂಳು ಹಿಡಿಯುತ್ತೆ. ಹೊಳಪು ಬೇಕಾದರೆ ಮೇಲೆ ತೆಳುವಾಗಿ ಮೇಣ ಉಜ್ಜಿ.

ಪ್ರಶ್ನೆ (ದಾವಣಗೆರೆ):
ಇಷ್ಟೆಲ್ಲ ಯಾಕೆ, ಮೇಲೇ ವಿಟ್ರಿಫೈಡ್ ಹಾಕಿಸಿ ಅಂತಾರೆ ಮನೇಲಿ.

ಉತ್ತರ (ನೆಲಹಾಸು ಕೆಲಸದವರು):
ನೆಲ ಅರ್ಧ ಇಂಚಿನ ಮೇಲೇ ಏರುತ್ತೆ, ಬಾಗಿಲೆಲ್ಲ ಕೊಯ್ಯಬೇಕು. ನೆಲದಲ್ಲಿ ಆರುತ್ತಿದ್ದ ತೇವ ಗೋಡೆ ಹತ್ತುತ್ತೆ. ಮೊದಲು ಬಚ್ಚಲ ಪೈಪು ನೋಡಿಸ್ರಿ.