ಅರೆಕಾ ಪಾಮ್ ಹಳದಿಯಾಗುತ್ತಿದೆ, ಇನ್ನೂ ನೀರು ಹಾಕಬೇಕಾ?

ರಾಯಚೂರು_ತಾರಸಿ: ಹಾಲ್‌ನಲ್ಲಿ ಎರಡು ವರ್ಷದಿಂದ ಕುಂಡದಲ್ಲಿ ಅರೆಕಾ ಇದೆ, ಅಂದಕ್ಕೆ ಇಡುವ ತಾಳೆ ಜಾತಿಯ ಗಿಡ. ಹೊರಗೆ 42 ಡಿಗ್ರಿ ಅಂತ ದಿನಾ ಒಂದು ಚೊಂಬು ನೀರು ಹಾಕುತ್ತಿದ್ದೆ. ಕೆಳಗಿನ ಗರಿ ಪೂರ್ತಿ ಹಳದಿ. ಮಣ್ಣಿಂದ ಹಳಸಲು ವಾಸನೆ. ಮಣ್ಣು ನಮ್ಮ ಹೊಲದ ಎರೆಮಣ್ಣೇ.

ಗಂಗಾವತಿ_ಗದ್ದೆ: ನಮ್ಮ ಬಿಸಿಲಿಗೆ ನೀರು ಕಡಿಮೆ ಮಾಡಿದರೆ ಗಿಡ ಉಳಿಯಲ್ಲ. ಭತ್ತ ತಿಂಗಳುಗಟ್ಟಲೆ ನೀರಲ್ಲೇ ನಿಲ್ಲುತ್ತದೆ, ಅದರ ಬೇರು ಕೊಳೆಯುತ್ತದಾ?

ಬಳ್ಳಾರಿ_ಬಾಲ್ಕನಿ: ಭತ್ತದ ಮಾತೇ ಬೇರೆ ಅಣ್ಣ. ಅದರ ಕಾಂಡ, ಬೇರಿನ ಒಳಗೆ ಟೊಳ್ಳು ಇರುತ್ತದೆ. ಎಲೆಯಿಂದ ಗಾಳಿ ಆ ದಾರಿಯಲ್ಲೇ ಬೇರಿಗೆ ಇಳಿಯುತ್ತದೆ. ಅರೆಕಾಗೆ ಮಣ್ಣಿನ ಸಂದಿಯ ಗಾಳಿಯೇ ಗತಿ. ಅಲ್ಲೂ ನೀರು ತುಂಬಿದರೆ ಬೇರಿಗೆ ಉಸಿರು ಕಟ್ಟುತ್ತದೆ. ಎರೆಮಣ್ಣು ಹತ್ತಿಗೆ, ಜೋಳಕ್ಕೆ ಬಂಗಾರ. ಕುಂಡದಲ್ಲಿ ಮೇಲೆ ಬಿರುಕು, ಒಳಗೆ ಕೆಸರು. ಬಿರುಕು ನೋಡಿ ನಾವು ಮತ್ತೆ ನೀರು ಹಾಕುತ್ತೇವೆ!

ಗಂಗಾವತಿ_ಗದ್ದೆ: ಗರಿಯ ತುದಿ ಒಣಗಿದರೆ ಬಾಯಾರಿಕೆ ಅಲ್ವಾ?

ಬಳ್ಳಾರಿ_ಬಾಲ್ಕನಿ: ತುದಿ ಮಾತ್ರ ಕಂದಾದರೆ ಒಣ ಗಾಳಿ ಅಥವಾ ಬೋರ್ ನೀರಿನ ಉಪ್ಪು ಇರಬಹುದು. ನೀರು ಕಡಿಮೆಯಾದರೂ ಹಾಗಾಗುತ್ತದೆ. ಅದಕ್ಕೇ ಗರಿ ನೋಡಬೇಡಿ, ಬೆರಳನ್ನು ಎರಡು ಗೆಣ್ಣು ಮಣ್ಣಿಗೆ ಇಳಿಸಿ. ತಂಪು ಹತ್ತಿದರೆ ಅವತ್ತು ನೀರು ಬೇಡ.

ಕೊಪ್ಪಳ_ಕೈತೋಟ: ರಾಯಚೂರಿನವರೇ, ಇವತ್ತೇ ಕುಂಡದಿಂದ ಗಿಡ ತೆಗೆಯಿರಿ.

ಬಳ್ಳಾರಿ_ಬಾಲ್ಕನಿ: ಅಷ್ಟು ಅವಸರ ಬೇಡ ಅನಿಸುತ್ತದೆ. ಪಾಮ್ ಬೇರು ಕೆದಕಿದರೆ ಬೇಗ ಸುಧಾರಿಸಲ್ಲ. ಸುಮ್ನೆ ಒಣಗಲು ಬಿಡಿ.

ಕೊಪ್ಪಳ_ಕೈತೋಟ: ಬರೀ ಹಸಿಯಿದ್ದರೆ ನಿಮ್ಮ ಮಾತು ಸರಿ. ಇಲ್ಲಿ ವಾಸನೆ ಬಂದಿದೆ. ಹೋದ ವರ್ಷ ನಾನೂ ಹಾಗೇ ಕಾದೆ, ಇಡೀ ಬುಡ ಹೋಯಿತು. ಕಪ್ಪಾಗಿ ಮೆತ್ತಗಾದ ಬೇರು ಕತ್ತರಿಸಿ. ಕತ್ತರಿ ಸ್ಪಿರಿಟ್‌ನಲ್ಲಿ ಒರೆಸಿರಲಿ. ಬಿಳಿ ಬೇರು ಮುಟ್ಟಬೇಡಿ. ಕೆಂಪು ಮಣ್ಣು, ದಪ್ಪ ಮರಳು, ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಬೆರೆಸಿ. ದೊಡ್ಡ ಕುಂಡ ಬೇಡ, ಹಸಿ ಜಾಸ್ತಿ ದಿನ ನಿಲ್ಲುತ್ತದೆ. ಹೊಸ ಸುಳಿ ಬಿಚ್ಚುವವರೆಗೆ ಗೊಬ್ಬರವೂ ಬೇಡ.

ಬಳ್ಳಾರಿ_ಬಾಲ್ಕನಿ: ವಾಸನೆಯ ಮಾತು ನಾನು ಗಮನಿಸಿರಲಿಲ್ಲ. ತೆಗೆಯುವುದೇ ಸರಿ. ಒಂದೊಂದು ಸುಳಿಯನ್ನೂ ಮೆಲ್ಲಗೆ ಎಳೆದು ನೋಡಿ. ಕೈಗೆ ಬಂದರೆ ಆ ಕಾಂಡ ಮತ್ತೆ ಚಿಗುರಲ್ಲ.

ರಾಯಚೂರು_ತಾರಸಿ: ಈಗಷ್ಟೇ ಮುಗಿಸಿದೆ. ಕೆಳಗಿನ ಬೇರಿನ ಸಿಪ್ಪೆ ಬೆರಳಿಗೆ ಕಳಚಿ ಬಂತು, ಒಳಗೆ ದಾರದಂಥ ಎಳೆ ಮಾತ್ರ. ಎರಡು ಕಾಂಡದ ಸುಳಿ ಕೈಗೆ ಬಂತು. ಉಳಿದ ಐದು ಗಟ್ಟಿಯಾಗಿವೆ, ಬುಡದಲ್ಲಿ ಬಿಳಿ ಬೇರೂ ಇದೆ.

ಗಂಗಾವತಿ_ಗದ್ದೆ: ಐದು ಉಳಿದಿವೆಯಲ್ಲ, ಸಂತೋಷ. ನಮ್ಮ ಕುಂಡದ ತಟ್ಟೆಯಲ್ಲೂ ನೀರು ನಿಂತಿತ್ತು, ಈಗ ಚೆಲ್ಲಿ ಬಂದೆ.